ಸೊಸೆಯ ಕೈ, ಸೊಸೆಯ ಕಾಲು

ಮನುಷ್ಯನಿಗೆ ಬೆನ್ನು ಅಂತ ಒಂದಿದೆ ಎಂಬುದು ಅದು ಹಿಡಿದುಕೊಂಡ ದಿನವೇ ಗೊತ್ತಾಗುವುದು. ಮುಖವನ್ನು ದಿನಾ ಕನ್ನಡಿಯಲ್ಲಿ ನೋಡಿಕೊಳ್ಳುತ್ತೇವೆ. ಹೊಟ್ಟೆ ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಕೈಕಾಲುಗಳಂತೂ ಸದಾ ಎದುರಿಗೇ ಇರುತ್ತವೆ. ಬೆನ್ನನ್ನು ಮಾತ್ರ ಹುಟ್ಟಿದಾಗಿನಿಂದ ನಾವು ಕಂಡಿಲ್ಲ. ಕಂಡವರು ಹೇಳಿದ್ದನ್ನು ನಂಬಿಕೊಂಡು ಬದುಕುತ್ತೇವೆ. ಹೀಗಾಗಿ ಬೆನ್ನಿನ ವಿಷಯದಲ್ಲಿ ಯಾರು ಏನು ಹೇಳಿದರೂ ಹೌದೆನ್ನಬೇಕಾಗುತ್ತದೆ. ನನ್ನ ಬೆನ್ನು ಈಚೆಗೆ ಹಿಡಿದುಕೊಂಡಿತು, ಆಮೇಲೆ ಬಿಟ್ಟಿತು. ಹೇಗೆ ಹಿಡಿಯಿತು ಎಂಬುದು ನನಗೆ ಚೆನ್ನಾಗಿ ಗೊತ್ತು. ಹೇಗೆ ಬಿಟ್ಟಿತು ಎಂಬುದು ದೇವರಾಣೆಗೂ ಗೊತ್ತಿಲ್ಲ. ನೋವು ಹೋಯಿತಲ್ಲ, ಇನ್ನೇನು ಬೇಕು ನಿನಗೆ ಎಂದು ನೀವು ಕೇಳಬಹುದು. ನನಗೇನೂ ಬೇಡ ಮಹಾರಾಯರೇ. ಆದರೆ ನಮ್ಮ ಮನೆಯಲ್ಲಿ ಒಬ್ಬಳಿಗೆ ಆ ಉತ್ತರ ಬೇಕೇ ಬೇಕು. ಆ ಉತ್ತರ ಗೊತ್ತಿರಬೇಕಾದವನು ನಾನೊಬ್ಬನೇ.

ನಾನು ಸೊಲ್ಲಾಪುರದಲ್ಲಿ ಚಾದರದ ಅಂಗಡಿ ಇಟ್ಟವನು. ಮೂಲ ಊರು ಅಕ್ಕಲಕೋಟ ತಾಲೂಕಿನ ಮೈಂದರ್ಗಿ. ಅಲ್ಲಿ ಹೊಲವಿದೆ, ಹೊಲ ನೋಡಿಕೊಳ್ಳಲು ನನ್ನ ಅಕ್ಕ ಚಂದಮ್ಮ ಇದ್ದಾಳೆ, ಅಕ್ಕನನ್ನು ನೋಡಿಕೊಳ್ಳಲು ಯಾರೂ ಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಗಿರಾಕಿಯ ಜೊತೆ ಮರಾಠಿ, ಸಿಟ್ಟು ಬಂದರೆ ಎರಡೂ. ಚಾದರ ಮಾರುವವನಿಗೆ ಮಾತಿಗಿಂತ ಮುಖ್ಯವಾದ ಒಂದು ಕಸುಬಿದೆ. ಮಡಿಕೆಯ ಎರಡು ಮೂಲೆ ಹಿಡಿದು ಒಂದೇ ಏಟಿಗೆ ಝಾಡಿಸಬೇಕು. ಚಾದರ ಗಾಳಿಯಲ್ಲಿ ಉಬ್ಬಿ ಗಿರಾಕಿಯ ಮುಂದೆ ತಾನಾಗಿ ಹರಡಿಕೊಳ್ಳಬೇಕು. ಅದರ ಮೇಲಿನ ನವಿಲು ತಲೆ ಮೇಲಾಗಿಯೇ ಬೀಳಬೇಕು. ನನ್ನ ಝಾಡಿಸುವಿಕೆಗೆ ಪೇಟೆಯಲ್ಲಿ ಹೆಸರಿದೆ. ಲಗ್ನಸರಾಯಿಯ ದಿನಗಳಲ್ಲಿ ವಳಸಂಗದ ಒಂದು ದೊಡ್ಡ ಕುಟುಂಬ ಮದುವೆ ಜವಳಿಗೆ ಬಂದಿತ್ತು. ಅವರ ಮನೆಯ ಹಿರಿಯ ಅಜ್ಜಿ ಗಾದಿಯ ಮೇಲೆ ಕೂತು ಇನ್ನೂ ದೊಡ್ಡದು ತೋರಿಸು, ಇನ್ನೂ ದೊಡ್ಡದು ತೋರಿಸು ಎಂದಳು. ಅಂಗಡಿಯ ಅತಿ ದೊಡ್ಡ ಚಾದರ ತೆಗೆದು, ಬಗ್ಗಿ, ಝಾಡಿಸಿದೆ. ಚಾದರ ಹರಡಿಕೊಂಡಿತು, ನವಿಲು ನೆಟ್ಟಗೆ ಬಿತ್ತು, ನಾನು ಮಾತ್ರ ಮೇಲೇಳಲಿಲ್ಲ. ಎರಡೂ ಕೈ ಮುಂದೆ ಚಾಚಿ, ಅರ್ಧ ಬಗ್ಗಿ, ಅಲ್ಲಿಯೇ ನಿಂತುಬಿಟ್ಟೆ. ಅಜ್ಜಿ ಇದನ್ನು ನಮ್ಮ ಅಂಗಡಿಯ ಸಂಸ್ಕಾರ ಎಂದು ತಿಳಿದಳು. ನನ್ನ ತಲೆಯ ಮೇಲೆ ಕೈ ಇಟ್ಟು ಚಲೋ ಆಗಲಿ ಮಗನ ಎಂದು ಹರಸಿದಳು.

ನಮ್ಮ ಕಡೆ ಇದಕ್ಕೆ ಚಳಕು ಹಿಡಿಯುವುದು ಎನ್ನುತ್ತಾರೆ. ಡಾಕ್ಟರು ಫೋಟೋ ತೆಗೆಸಿದರು, ಫೋಟೋದಲ್ಲಿ ಏನೂ ಇಲ್ಲ ಎಂದರು. ನೋವು ಫೋಟೋದಲ್ಲಿಲ್ಲ ಸಾಹೇಬರೇ, ನನ್ನಲ್ಲಿದೆ ಎಂದೆ. ಗುಳಿಗೆ ಕೊಟ್ಟರು, ಬರಿಗಾಲಲ್ಲಿ ತಣ್ಣನೆಯ ನೆಲದ ಮೇಲೆ ಓಡಾಡಬೇಡಿ ಎಂದರು. ಅಂದಿನಿಂದ ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕಿಕೊಂಡು ಪಟಪಟ ಸದ್ದು ಮಾಡುತ್ತ ತಿರುಗತೊಡಗಿದೆ. ಆಮೇಲೆ ಹೆಂಡತಿ ಮಹಾದೇವಿಯ ಮಾತು ಕೇಳಿ ಕುಸ್ತಿಯ ತಾಲೀಮಿನ ಪೈಲವಾನನ ಹತ್ತಿರ ಹೋದೆ. ಆತ ನನ್ನನ್ನು ಬೋರಲು ಹಾಕಿ, ಬೆನ್ನಿನ ಮೇಲೆ ಮೊಣಕಾಲೂರಿ, ಎರಡೂ ಭುಜ ಹಿಡಿದು ಹಿಂದಕ್ಕೆ ಎಳೆದ. ನನ್ನೊಳಗಿನಿಂದ ಒಂದು ಸದ್ದು ಬಂತು. ಸದ್ದು ಕೇಳಿ ಆತ ಬಹಳ ಖುಷಿಪಟ್ಟ, ಸುತ್ತ ನಿಂತವರೂ ಖುಷಿಪಟ್ಟರು. ನಮ್ಮ ಮಂದಿಯೇ ಹಾಗೆ. ಔಷಧ ಕಹಿ ಇರಬೇಕು, ಚಟ್ನಿ ಕಣ್ಣಲ್ಲಿ ನೀರು ತರಿಸಬೇಕು, ರೊಟ್ಟಿ ಕಟುಮ್ ಎನ್ನಬೇಕು, ಮೈ ತಿಕ್ಕುವವನು ಹೊಯ್ಯೋ ಎನ್ನಿಸಬೇಕು. ನೋಯಿಸದ ಉಪಚಾರವನ್ನು ನಾವು ಉಪಚಾರ ಎಂದು ಒಪ್ಪುವುದೇ ಇಲ್ಲ. ಪೈಲವಾನನ ಕೈಯಿಂದ ಬಂದ ಮೇಲೆ ಅರ್ಧ ಬಗ್ಗಿದ್ದವನು ಮುಕ್ಕಾಲು ಬಗ್ಗಿದೆ.

ಈಗ ನನ್ನ ಸೊಸೆಯ ವಿಷಯ ಹೇಳಬೇಕು. ಸ್ನೇಹಲ್ ಹೋಟಗಿಯವಳು. ತಂದೆ ರೈಲ್ವೆಯಲ್ಲಿದ್ದವರು. ಮರಾಠಿ ಸಾಲಿಯಲ್ಲಿ ಓದಿದ್ದರಿಂದ ಕನ್ನಡ ಬಾಯಲ್ಲಿ ಸರಾಗ, ಕಾಗದದ ಮೇಲೆ ಕಂಡರೆ ಕಣ್ಣು ಕಿರಿದು ಮಾಡುತ್ತಾಳೆ. ಮದುವೆಗೆ ಮೊದಲು ಪುಣೆಯಲ್ಲಿದ್ದು ಮೈಮುಟ್ಟಿ ನೋವು ಇಳಿಸುವ ಒಂದು ವಿದ್ಯೆ ಕಲಿತು ಬಂದಿದ್ದಾಳೆ. ಅವಳು ಅದನ್ನು ಥೆರಪಿ ಎನ್ನುತ್ತಾಳೆ. ನಮ್ಮ ಮನೆಯ ಕೆಳಗೆ ಚಾದರದ ಗಂಟು ತುಂಬುವ ಒಂದು ಖೋಲಿ ಇತ್ತು. ಅದನ್ನು ಖಾಲಿ ಮಾಡಿಸಿ ಸುಣ್ಣ ಹೊಡೆಸಿಕೊಂಡಳು, ಎತ್ತರದ ಒಂದು ಮಂಚ ಇಟ್ಟಳು, ಕಿಟಕಿಗೆ ಹಸಿರು ಪರದೆ ಹಾಕಿದಳು, ಮೂಲೆಯಲ್ಲಿ ಒಂದು ಮಂದ ದೀಪ. ದಸರೆಯವರೆಗೆ ನೋಡುತ್ತೇನೆ, ಮಂದಿ ಬರದಿದ್ದರೆ ಖೋಲಿ ನಿಮಗೇ ವಾಪಸು ಎಂದು ತಾನಾಗಿಯೇ ಹೇಳಿದ್ದಳು. ಮಂದಿ ಬರಲಿಲ್ಲ ಎಂದಲ್ಲ. ಓಣಿಯ ಹೆಂಗಸರು ಬಂದರು, ಮಷೀನು ಎಲ್ಲಿದೆ ಎಂದು ಕೇಳಿದರು, ಮಷೀನು ಇಲ್ಲ ಎಂದಾಗ ಎಣ್ಣೆ ಯಾವುದು ಎಂದು ಕೇಳಿದರು, ಎಣ್ಣೆಯೂ ಇಲ್ಲ ಎಂದಾಗ ಚಹಾ ಕುಡಿದು ಎದ್ದು ಹೋದರು. ಇಂಥ ಹೊತ್ತಿಗೆ ಮನೆಯ ಯಜಮಾನನೇ ಬಗ್ಗಿಕೊಂಡು ಪೇಟೆಯಲ್ಲಿ ತಿರುಗಾಡುತ್ತಿದ್ದರೆ ಅವಳ ಪಾಡೇನು? ಮನೆಯಲ್ಲಿ ಥೆರಪಿಯ ಸೊಸೆ ಇದ್ದೂ ಮಾವ ಪೈಲವಾನನ ಹತ್ತಿರ ಹೋದನಂತೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಮಹಾದೇವಿ ನನ್ನನ್ನು ಅಡುಗೆಮನೆಗೆ ಕರೆದು, ಅವಳ ಮಂಚದ ಮೇಲೆ ಮಲಗಿ ಚಲೋ ಆಗಿ ಬರ್ರಿ, ಇಲ್ಲದಿದ್ದರೆ ಆ ಹುಡುಗಿ ಖೋಲಿ ಮುಚ್ಚುತ್ತಾಳೆ, ಮುಚ್ಚಿದರೆ ಅದು ನಿಮ್ಮಿಂದಲೇ ಎಂದಳು. ಚಲೋ ಆಗುವುದು ನನ್ನ ಕೈಯಲ್ಲಿದೆ ಎನ್ನುವ ಹಾಗೆ ಹೇಳಿದಳು.

ಹೋಗಿ ಮಲಗಿದೆ. ಸ್ನೇಹಲ್ ಮೊದಲು ವಿವರಿಸಿದಳು. "ಮಾಮಾ, ನಾ ಒತ್ತೂದಿಲ್ರಿ, ತಿಕ್ಕೂದಿಲ್ಲ. ಬರೇ ಕೈ ಇಡ್ತೀನಿ. ಮೈ ತಾನಽ ಶಾಂತ ಆಗ್ತದ," ಎಂದಳು. ಆಮೇಲೆ ನನ್ನ ತಲೆಯ ಹಿಂಭಾಗದ ಕೆಳಗೆ ಎರಡೂ ಅಂಗೈ ಇಟ್ಟು ಸುಮ್ಮನೆ ಕೂತಳು. ನಾನು ಕಾದೆ. ಇನ್ನೇನು ಶುರು ಮಾಡುತ್ತಾಳೆ ಎಂದು ಹಲ್ಲು ಕಚ್ಚಿ, ಮಂಚದ ಅಂಚು ಹಿಡಿದು ಸಿದ್ಧನಾದೆ. ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ತೆಗೆದು ಸೊಂಟದ ಕೆಳಗೆ ಇಟ್ಟಳು. ಆಗಲೂ ಏನೂ ಆಗಲಿಲ್ಲ. ನಾನು ಚಾದರದವನು, ತೂಕ ನೋಡಿ ಬೆಳೆದವನು. ನಮ್ಮ ದಂಧೆಯಲ್ಲಿ ಗಿರಾಕಿ ಮೊದಲು ಮಾಡುವುದೇ ಚಾದರವನ್ನು ಕೈಯಲ್ಲಿ ಎತ್ತಿ ನೋಡುವುದು. ಭಾರ ಇದ್ದರೆ ಅಸಲಿ, ಹಗುರ ಇದ್ದರೆ ನಕಲಿ. ಈ ಹುಡುಗಿಯ ಕೈಗೆ ತೂಕವೇ ಇಲ್ಲ. ಒಂದು ಸಲವಂತೂ ಕೈ ಇದೆಯೋ ತೆಗೆದಳೋ ಎಂದು ಅನುಮಾನ ಬಂದು ಕಣ್ಣು ಕಿರಿದಾಗಿ ತೆರೆದು ನೋಡಿದೆ. ಇತ್ತು. ಯಾವಾಗ ಶುರು ಮಾಡ್ತಿ ತಂಗಿ ಎಂದು ಕೇಳಬೇಕು ಎನ್ನುವಷ್ಟರಲ್ಲಿ, ಆತ್ರಿ ಮಾಮಾ, ಸಾವಕಾಶ ಏಳ್ರಿ ಎಂದಳು. ಹೇಗನಿಸುತ್ತದೆ ಎಂದು ಕೇಳುವಾಗ ಅವಳ ಮುಖದಲ್ಲಿ ಪರೀಕ್ಷೆಯ ನಿಕಾಲು ನೋಡಲು ನಿಂತವರ ಕಳೆ ಇತ್ತು. ಹಗುರ ಅನಿಸುತ್ತದೆ ಎಂದೆ. ಸುಳ್ಳಲ್ಲ, ಆಕೆಯ ಕೈ ಹಗುರವೇ ಇತ್ತು. ಅವಳು ನೋಡುತ್ತಿರುವಷ್ಟು ಹೊತ್ತು ನೆಟ್ಟಗೆ ನಿಂತೆ, ಬಾಗಿಲು ದಾಟಿದ ಮೇಲೆ ಗೋಡೆ ಹಿಡಿದುಕೊಂಡೆ.

ಹೀಗೆ ಕೆಲವು ದಿನ ಬೆಳಿಗ್ಗೆ ಬೆಳಿಗ್ಗೆ ಹೋಗಿ ಮಲಗುವುದು, ಹಗುರ ಎನ್ನುವುದು, ಗೋಡೆ ಹಿಡಿಯುವುದು ನಡೆಯಿತು. ನಿದ್ದೆ ಮಾತ್ರ ಸೊಗಸಾಗಿ ಬರುತ್ತಿತ್ತು, ಅದನ್ನು ಒಪ್ಪಬೇಕು. ಆದರೆ ನಿದ್ದೆ ಅಂಗಡಿಯಲ್ಲೂ ಬರುತ್ತದೆ. ಚಾದರ ಝಾಡಿಸುವುದನ್ನು ಬಿಟ್ಟು ಮಡಿಕೆಯ ಮೂಲೆ ಎತ್ತಿ ತೋರಿಸುವ ಸ್ಥಿತಿಗೆ ಬಂದಿದ್ದೆ. ಮೂಲೆಯಲ್ಲಿ ನವಿಲಿನ ಬಾಲವಷ್ಟೇ ಕಾಣುತ್ತದೆ. ಕಡೆಗೆ ನನಗೆ ಪಾಯಾಳುವಿನ ನೆನಪಾಯಿತು. ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರನ್ನು ನಮ್ಮಲ್ಲಿ ಮರಾಠಿಯ ಮಾತಿನಲ್ಲೇ ಪಾಯಾಳು ಎನ್ನುತ್ತೇವೆ. ಅಂಥವರ ಕಾಲಲ್ಲಿ ಗುಣವಿದೆ ಎಂದು ನಂಬಿಕೆ. ಬೆಳಿಗ್ಗೆ ಬಾಯಿ ತೊಳೆಯದೆ, ಚಹಾ ಕುಡಿಯದೆ, ಹೋಗಿ ಬಗ್ಗಿ ಕೂತರೆ ಅವರು ಕಾಲಿನಿಂದ ಬೆನ್ನಿಗೆ ಮೆಲ್ಲಗೆ ತಾಗಿಸುತ್ತಾರೆ, ಇಬ್ಬರೂ ಮಾತಾಡಬಾರದು, ಚಳಕು ಹೋಗುತ್ತದೆ. ನಾನು ಸಣ್ಣವನಿದ್ದಾಗ ಮೈಂದರ್ಗಿಯಲ್ಲಿ ಮಲ್ಲಪ್ಪ ಕಾಕಾ ಎಂಬ ಪಾಯಾಳು ಇದ್ದ. ಆತನ ಕಟ್ಟೆಯ ಮುಂದೆ ದೊಡ್ಡ ದೊಡ್ಡ ಗೌಡರೂ ಬೆನ್ನು ಕೊಟ್ಟು ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೇರೆ ಹೊತ್ತಿನಲ್ಲಿ ಯಾರ ಕಾಲು ಯಾರಿಗೆ ತಾಗಿದರೂ ತಕ್ಷಣ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮಂದಿ ನಾವು. ಆತನ ಕಾಲಿಗೆ ಮಾತ್ರ ಆ ಮಾಫಿ ಇತ್ತು.

ಹೊಲ ನೋಡಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಎಸ್‌ಟಿ ಬಸ್ಸು ಹತ್ತಿದೆ. ವಳಸಂಗ ದಾಟುವಾಗಿನ ಪ್ರತಿ ಕುಣಿಗೂ ನನ್ನ ಬೆನ್ನು ಒಂದೊಂದು ಮಾತಾಡಿತು. ಬಸ್ಸಿನ ತುಂಬ ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಹೊರಟ ದೂರದ ಮಂದಿ. ಒಬ್ಬ ತಾಯಿ ನಾನು ಬಗ್ಗಿ ನಿಂತದ್ದನ್ನು ನೋಡಿ ಬಹಳ ಭಕ್ತ ಎಂದು ತಿಳಿದು ಜಾಗ ಕೊಟ್ಟಳು. ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಮೈಂದರ್ಗಿ ಮುಟ್ಟಿ, ರಾತ್ರಿ ಅಕ್ಕನ ಮನೆಯಲ್ಲಿದ್ದು, ಬೆಳಿಗ್ಗೆ ಅಕ್ಕನ ಜೊತೆ ಮಲ್ಲಪ್ಪ ಕಾಕಾನ ಕಟ್ಟೆಗೆ ಹೋದೆ. ಕಾಕಾ ಎರಡೂ ಕಾಲು ನೀಡಿಕೊಂಡು ಕೂತಿದ್ದ. ಈ ಕಾಲು ಎಷ್ಟು ಊರಿನ ಬೆನ್ನು ನೆಟ್ಟಗೆ ಮಾಡಿದೆ ಎಂದು ಬಹಳ ಹೊತ್ತು ಹೇಳಿದ. ಆಮೇಲೆ ಈಗ ಮೊಣಕಾಲು ಮಡಚುವುದಿಲ್ಲ, ಮೇಲೆ ಏಳುವುದಿಲ್ಲ, ನಿನ್ನ ಸೊಲ್ಲಾಪುರದಲ್ಲಿ ಇದಕ್ಕೆ ಏನಾದರೂ ಔಷಧವಿದೆಯೇ ಎಂದು ನನ್ನನ್ನೇ ಕೇಳಿದ. ಇಷ್ಟು ದೂರ ಬಂದಿದ್ದೇನೆ ಎಂದು ಆತನ ಮಗ ಮತ್ತು ನನ್ನ ಅಕ್ಕ ಇಬ್ಬರೂ ಸೇರಿ ಆತನ ಕಾಲನ್ನು ಎತ್ತಿ ನನ್ನ ಬೆನ್ನಿನವರೆಗೆ ತರಲು ನೋಡಿದರು. ಕಾಲು ಏರಿದಂತೆ ಕಾಕಾ ಕೂಗಿದ, ಬಗ್ಗಿದಂತೆ ನಾನು ಕೂಗಿದೆ. ಮಾತಾಡಬಾರದು ಎಂಬ ನಿಯಮ ಅಲ್ಲಿಗೇ ಮುರಿಯಿತು. ಅಕ್ಕ ಕಾಲನ್ನು ಕೆಳಗಿಟ್ಟು, ಚಹಾ ಮಾಡಿಸುತ್ತೇನೆ ಎಂದು ಒಳಗೆ ಹೋದಳು, ಮಗನೂ ಎಮ್ಮೆ ಬಿಡಲು ಹೋದ.

ನಾವಿಬ್ಬರು ರೋಗಿಗಳು ಕಟ್ಟೆಯ ಮೇಲೆ ಉಳಿದೆವು. ಆಗ ಕಾಕಾ ಹೇಳಿದ, "ನಂಗೂ ಒಮ್ಮೆ ಚಳಕು ಹಿಡದಿತ್ತೋ ತಮ್ಮಾ. ನನ್ನ ಕಾಲು ನನ್ನ ಬೆನ್ನಿಗಿ ಮುಟ್ಟತೈತೇನು? ಹೋಟಗಿಗಿ ಹೋದ್ನಿ. ಅಲ್ಲಿ ರೈಲ್ವೆದವರ ಒಂದು ಸಣ್ಣ ಹುಡುಗಿ ಇತ್ತು, ಪಾಯಾಳು. ಕಾಲ ತಾಗಿಸಿದ್ದಽ ತಡ, ಎದ್ದು ನಡಕೋತ ಟೇಶನಕ್ಕ ಬಂದ್ನಿ." ಆ ಹುಡುಗಿ ಈಗ ದೊಡ್ಡವಳಾಗಿ ಮದುವೆಯಾಗಿದ್ದಾಳಂತೆ, ಸೊಲ್ಲಾಪುರದಲ್ಲೇ ಯಾರೋ ಚಾದರದವರ ಮನೆಗೆ ಕೊಟ್ಟಿದ್ದಾರಂತೆ, ನೀನು ಪೇಟೆಯಲ್ಲಿರುವವನು, ಕೇಳಿ ನೋಡು, ಇಷ್ಟು ದೂರ ಬರುವ ಕೆಲಸವೇ ಇರಲಿಲ್ಲ ಎಂದ. ಹೆಸರೇನು ಕಾಕಾ ಎಂದೆ. ಸ್ನೇಹಲ್ ಎಂದ.

ಮೈಂದರ್ಗಿಯಿಂದ ಸೊಲ್ಲಾಪುರದವರೆಗೆ ನಾನು ಏನೇನು ಯೋಚಿಸಿದೆ ಎಂದು ಬರೆದರೆ ಪುಟ ಸಾಲುವುದಿಲ್ಲ. ಎರಡು ಬಸ್ಸು ಹತ್ತಿ ಹುಡುಕಿಕೊಂಡು ಹೋದ ಕಾಲು ನಮ್ಮ ಮನೆಯ ಮೆಟ್ಟಿಲನ್ನೇ ದಿನಾ ಹತ್ತಿ ಇಳಿಯುತ್ತಿತ್ತು. ಬೆಳಿಗ್ಗೆ ನನಗೆ ಚಹಾ ತಂದುಕೊಡುವುದು ಆ ಕಾಲೇ. ಹೇಳಲಿಲ್ಲ ಯಾಕೆ? ಪಾಯಾಳು ಇದ್ದಲ್ಲಿ ಸಿಡಿಲು ಎರಗುತ್ತದೆ ಎಂದು ಹೆದರುವವರೂ ನಮ್ಮಲ್ಲಿದ್ದಾರೆ, ಸಂಬಂಧ ಕೂಡಿಸುವಾಗ ಹುಡುಗಿಯ ಕಡೆಯವರು ಈ ಮಾತನ್ನು ಮುಚ್ಚಿಡುತ್ತಾರೆ, ಅದು ತಿಳಿಯಿತು. ತಿಳಿಯದ್ದು ಮುಂದಿನದು. ಈಗ ನಾನು ಹೋಗಿ, ತಂಗಿ, ನಿನ್ನ ಕಾಲು ಒಂಚೂರು ತಾಗಿಸು ಎಂದರೆ ಏನಾಗುತ್ತದೆ? ಸೊಸೆ ಮಾವನನ್ನು ಒದೆಯಬೇಕು. ಅದಕ್ಕಿಂತ ಹೆಚ್ಚಾಗಿ, ನಿನ್ನ ಪುಣೆಯ ವಿದ್ಯೆಯನ್ನು ನಾನು ನಂಬಿಲ್ಲ, ಇಷ್ಟು ದಿನ ಹಗುರ ಹಗುರ ಎಂದದ್ದು ಬರೀ ಬಾಯಿಮಾತು ಎಂದು ಒಪ್ಪಿಕೊಂಡಂತಾಗುತ್ತದೆ. ಕೇಳದಿದ್ದರೆ ಬೆನ್ನು ಬಿಡುವುದಿಲ್ಲ, ಬೆನ್ನು ಬಿಡದಿದ್ದರೆ ಖೋಲಿ ಮುಚ್ಚುತ್ತದೆ. ಕೇಳಿದರೆ ಬೆನ್ನು ಬಿಡಬಹುದು, ಆದರೆ ಕಾಲಿನಿಂದ ಬಿಟ್ಟರೆ ಕೈಯ ಖೋಲಿ ಮತ್ತೆ ಮುಚ್ಚುತ್ತದೆ. ಯಾವ ಕಡೆಯಿಂದ ಮಡಚಿದರೂ ನನ್ನ ಚಾದರದ ಮೂಲೆ ಕೂಡಲೇ ಇಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಮಂಚದ ಮೇಲೆ ಮಲಗಿದೆ. ರಬ್ಬರ್ ಚಪ್ಪಲಿಗಳನ್ನು ಮಂಚದ ಕೆಳಗೆ ಬಿಟ್ಟಿದ್ದೆ. ಅವಳು ತಲೆಯ ಕೆಳಗೆ ಕೈ ಇಟ್ಟಳು. ಆವತ್ತು ಆ ತೂಕವಿಲ್ಲದ ಕೈ ನನಗೆ ಬಹಳ ಭಾರವಾಯಿತು. ಕಣ್ಣು ಮುಚ್ಚಿದರೂ ಕಾಲು ಎಲ್ಲಿಟ್ಟಿದ್ದಾಳೆ ಎಂದೇ ಯೋಚನೆ. ಸ್ವಲ್ಪ ಹೊತ್ತಿಗೆ ಅವಳೆಂದಳು, "ಮಾಮಾ, ಇವತ್ತ ನೀವು ಮೈ ಬಿಡವಲ್ರಿ. ಒಳಗ ಏನೋ ಗಟ್ಟಿ ಹಿಡಕೊಂಡೀರಿ." ನನಗೆ ಗಾಬರಿಯಾಯಿತು. ಬೆರಳ ತುದಿಯಿಂದ ತಲೆಯೊಳಗಿನದನ್ನು ಓದುವ ವಿದ್ಯೆಯೂ ಪುಣೆಯಲ್ಲಿ ಕಲಿಸುತ್ತಾರೇನೋ ಎನಿಸಿತು. ಬಾಯಿಗೆ ಬೀಗ ಹಾಕಬೇಕೆಂದು ದಾರಿಯುದ್ದಕ್ಕೂ ನಿಶ್ಚಯಿಸಿದ್ದವನು ತಟ್ಟನೆ, ಮೈಂದರ್ಗಿ ಮಲ್ಲಪ್ಪ ಕಾಕಾ ನಿನ್ನನ್ನು ನೆನೆಸಿದ ಎಂದುಬಿಟ್ಟೆ.

ಕೈಗಳು ಅಲ್ಲಾಡಲಿಲ್ಲ. ಅವು ಮೊದಲೂ ಅಲ್ಲಾಡುತ್ತಿರಲಿಲ್ಲ, ಆದರೆ ಈಗ ಬೇರೆ ರೀತಿಯಲ್ಲಿ ಅಲ್ಲಾಡಲಿಲ್ಲ. ಮನೆಯಲ್ಲಿ ಯಾರಿಗಾದರೂ ಹೇಳಿದ್ದೀರಾ ಎಂದಳು. ಇಲ್ಲ ಎಂದೆ. ನನ್ನ ತಲೆ ಹಿಡಿದುಕೊಂಡೇ ಮೆಲ್ಲಗೆ ಮಾತಾಡಿದಳು. ಸಣ್ಣವಳಿದ್ದಾಗ ನಸುಕಿನಲ್ಲೇ ತಾಯಿ ಎಬ್ಬಿಸುತ್ತಿದ್ದಳಂತೆ. ಹೊರಗೆ ಪಡಸಾಲೆಯಲ್ಲಿ ಯಾರು ಯಾರೋ ಗಂಡಸರು, ಗುರುತಿಲ್ಲದವರು, ಬೆನ್ನು ಕೊಟ್ಟು ಕೂತಿರುತ್ತಿದ್ದರು. ನಿದ್ದೆಗಣ್ಣಿನಲ್ಲಿ ಹೋಗಿ ಕಾಲು ತಾಗಿಸಿ ಬರಬೇಕು. ಪರೀಕ್ಷೆಯ ದಿನವೂ, ಜ್ವರ ಬಂದ ದಿನವೂ. ಯಾರೂ ಅವಳ ಮುಖ ನೋಡುತ್ತಿರಲಿಲ್ಲ, ಏಕೆಂದರೆ ಅವರೆಲ್ಲ ಆ ಕಡೆ ಮುಖ ಮಾಡಿ ಕೂತಿರುತ್ತಿದ್ದರು. "ಅವರಿಗಿ ನನ್ನ ಕಾಲ ಬೇಕಾಗಿತ್ರಿ ಮಾಮಾ, ನಾ ಬೇಕಾಗಿರಲಿಲ್ಲ. ಕಾಲಿಗಿ ನಾ ಏನೂ ಕಲತಿಲ್ಲ. ಕೈಗಿ ಕಲತೀನಿ," ಎಂದಳು. ಆಮೇಲೆ, "ನಿಮಗೂ ಕಾಲಽ ಬೇಕೇನ್ರಿ?" ಎಂದಳು.

ನನ್ನ ಬಾಯಿ ಬೇಡ ಎಂದಿತು. ಬೆನ್ನು ಏನೆಂದಿತು ಎಂದು ದಯವಿಟ್ಟು ಕೇಳಬೇಡಿ. ಆದರೆ ಆ ಗಳಿಗೆಯಲ್ಲಿ ನನಗೆ ನಿಜಕ್ಕೂ ಬಹಳ ಕೆಟ್ಟದೆನಿಸಿತು. ಇಷ್ಟು ದಿನ ಈ ಹುಡುಗಿಯ ಕೈಯನ್ನು ತಕ್ಕಡಿಯಲ್ಲಿಟ್ಟು ತೂಗಿದೆನಲ್ಲ ಎಂದು ನಾಚಿಕೆಯಾಯಿತು. ನಿನ್ನ ಕೈಯೇ ಸಾಕು ತಂಗಿ, ಇಡು ಎಂದು ಹೇಳಿ ಕಣ್ಣು ಮುಚ್ಚಿದೆ. ಇಟ್ಟಳು. ಏನೂ ಬಚ್ಚಿಡುವುದು ಉಳಿದಿರಲಿಲ್ಲವಾದ್ದರಿಂದಲೋ ಏನೋ, ಮೈ ಒಂದು ಸಲ ಮಂಚದ ಮೇಲೆ ಪೂರ್ತಿ ಭಾರ ಬಿಟ್ಟಿತು. ನಿದ್ದೆ ಹೋದೆ. ಎಚ್ಚರವಾದಾಗ ಅವಳು ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅದನ್ನು ನಾನು ನೋಡಲಿಲ್ಲ ಎಂದು ತೋರಿಸಲು ಲಗುಬಗೆಯಿಂದ ಮಂಚ ಇಳಿದು, ಕೆಳಗೆ ಕೂತು, ಚಪ್ಪಲಿ ಹುಡುಕತೊಡಗಿದೆ. ಮಂದ ದೀಪ, ಚಪ್ಪಲಿ ಒಳಗೆ ಸರಿದಿತ್ತು. ಮಂಚದ ಕೆಳಗೆ ತಲೆ ಹಾಕಿದೆ. ನಾನು ಇನ್ನೂ ಮೇಲೆಯೇ ಮಲಗಿದ್ದೇನೆ ಎಂದು ತಿಳಿದು ಸ್ನೇಹಲ್ ಹಿಂದಕ್ಕೆ ಹೆಜ್ಜೆ ಇಟ್ಟಳು. ಆ ಹೆಜ್ಜೆ ಬಂದು ನನ್ನ ಬೆನ್ನಿಗೆ, ಚಳಕು ಹಿಡಿದ ಜಾಗಕ್ಕೇ, ತಾಗಿತು.

ಇಬ್ಬರೂ ಮಾತಾಡಲಿಲ್ಲ. ಬೆಳಗಿನ ಹೊತ್ತು, ನಾನು ಚಹಾ ಕುಡಿದಿರಲಿಲ್ಲ. ಬಾಯಿ ತೊಳೆದಿದ್ದೆ ಎಂಬುದೊಂದು ಬಿಟ್ಟರೆ ಎಲ್ಲ ನಿಯಮಗಳೂ ಕೂಡಿಬಂದಿದ್ದವು. ಹಿರಿಯರಿಗೆ ಕಾಲು ತಾಗಿತು ಎಂದು ಅವಳು ಕೂಡಲೇ ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಗ್ಗಿದಳು. ಏ ಬ್ಯಾಡವಾ ಎಂದು ತಡೆಯಲು ನಾನು ಎದ್ದು ಅವಳಿಗಿಂತ ಕೆಳಗೆ ಬಗ್ಗಿದೆ. ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು. ತಲೆ ತಿಕ್ಕಿಕೊಳ್ಳುತ್ತ ನೆಟ್ಟಗೆ ನಿಂತೆ. ನೆಟ್ಟಗೆ ನಿಂತಿದ್ದೇನೆ ಎಂಬುದು ಮೊದಲು ಕಂಡದ್ದು ಅವಳಿಗೆ, ಆಮೇಲೆ ನನಗೆ. ಇನ್ನೊಮ್ಮೆ ಬಗ್ಗಿದೆ, ಎದ್ದೆ. ಅತ್ತ ಹೊರಳಿದೆ, ಇತ್ತ ಹೊರಳಿದೆ. ಮಂಚದ ಮೇಲಿನ ಹೊದಿಕೆ ಎಳೆದು ಒಂದು ಸಲ ಝಾಡಿಸಿಯೂ ನೋಡಿದೆ. ಚಳಕು ಇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಖುಷಿಯಿಂದ ಕುಣಿಯುತ್ತಿದ್ದರು. ಸ್ನೇಹಲ್ ಮುಖ ಸಣ್ಣದಾಯಿತು. "ಖರೇ ಹೇಳ್ರಿ ಮಾಮಾ," ಎಂದಳು, "ನನ್ನ ಕಾಲ ತಾಗೂಕಿಂತ ಮೊದಲಽ ಹೋಗಿತ್ತೋ, ತಾಗಿದ ಮ್ಯಾಲ ಹೋತೋ?" ನ್ಯಾಯವಾದ ಪ್ರಶ್ನೆ. ಉತ್ತರವೂ ಸುಲಭವಿರಬೇಕಿತ್ತು. ಮಂಚ ಇಳಿದು ಕೆಳಗೆ ಕೂತೆನಲ್ಲ, ಆಗ ನೋವಿತ್ತೋ ಇಲ್ಲವೋ? ನೋವಿದ್ದರೆ ಕಾಲು, ಇರದಿದ್ದರೆ ಕೈ. ಆದರೆ ನನಗೆ ನೆನಪೇ ಇಲ್ಲ. ಆಗ ನನ್ನ ಲಕ್ಷ್ಯ ಬೆನ್ನಿನ ಮೇಲಿರಲಿಲ್ಲ, ಅವಳ ಕಣ್ಣೀರಿನ ಮೇಲಿತ್ತು. ಇಷ್ಟು ವಾರ ಒಂದೊಂದು ಗಳಿಗೆಯೂ ಬೆನ್ನನ್ನೇ ಕಾಯ್ದುಕೊಂಡು ಕೂತವನು, ಕಾಯಬೇಕಾದ ಆ ಒಂದು ಗಳಿಗೆಯಲ್ಲಿ ಕಾವಲು ಬಿಟ್ಟಿದ್ದೆ. ಬಣ್ಣ ಹೋಗುವುದಿಲ್ಲ, ಜೀವಮಾನವಿಡೀ ಹೋಗುವುದಿಲ್ಲ ಎಂದು ಎಷ್ಟೋ ಗಿರಾಕಿಗಳಿಗೆ ಕಣ್ಣು ಮಿಟುಕಿಸದೆ ಹೇಳಿದವನು ನಾನು. ಆವತ್ತು ಹೊದಿಕೆ ಮಡಚತೊಡಗಿದೆ. "ಮೊದಲಽ ಹೋಗಿತ್ತವಾ. ನಿನ್ನ ಕೈಯಿಂದನಽ ಹೋತು," ಎಂದೆ. ಎಲ್ಲಿ ತಲೆ ಮುಟ್ಟಿ ನೋಡುತ್ತಾಳೋ ಎಂದು ಒಂದು ಹೆಜ್ಜೆ ಹಿಂದೆ ಸರಿದೆ.

ಕೈಯಿಂದ ಹೋಯಿತು ಎಂಬ ಮಾತು ಮಹಾದೇವಿಯ ಬಾಯಿಂದ ಸಂಜೆಯೊಳಗೆ ಓಣಿ ದಾಟಿತು. ನಾನು ಅಂಗಡಿಯಲ್ಲಿ ದಿನಾ ಚಾದರ ಝಾಡಿಸಿ ತೋರಿಸುತ್ತ, ಇದು ನಮ್ಮ ಸೊಸೆಯ ಕೈಗುಣ ಎಂದು ಗಿರಾಕಿಗಳಿಗೆಲ್ಲ ಹೇಳಿದೆ. ಮೊದಲು ಮಷೀನು ಕೇಳಿ ಹೋದ ಹೆಂಗಸರೇ ಮತ್ತೆ ಬಂದರು. ಕುತ್ತಿಗೆ ನೋವಿನವರು, ನಿದ್ದೆ ಬಾರದವರು, ಸೊಸೆಯ ಮೇಲಿನ ಸಿಟ್ಟಿನಿಂದ ತಲೆ ಭಾರವಾದ ಅತ್ತೆಯರು, ಅತ್ತೆಯ ಮೇಲಿನ ಸಿಟ್ಟಿನಿಂದ ತಲೆ ಭಾರವಾದ ಸೊಸೆಯರು, ಎಲ್ಲ ಬಂದು ಮಲಗಿದರು. ಕೆಲವರು ಇನ್ನಷ್ಟು ಒತ್ತು ಎಂದು ಕೇಳಿದರು, ಒತ್ತದಿದ್ದರೂ ಮರುದಿನ ಬಂದರು. ಕೆಲವರ ನೋವು ಇಳಿಯಿತು, ಕೆಲವರದು ಇಳಿಯಲಿಲ್ಲ, ಯಾರಿಗೂ ಹೆಚ್ಚಾಗಲಿಲ್ಲ. ಪೈಲವಾನನ ಬಗ್ಗೆ ನಾನು ಅಷ್ಟು ಹೇಳಲಾರೆ. ದಸರೆ ಬಂತು, ಹೋಯಿತು, ಖೋಲಿ ನನಗೆ ವಾಪಸು ಬರಲಿಲ್ಲ. ಚಾದರದ ಗಂಟುಗಳು ಈಗ ನಮ್ಮ ಪಡಸಾಲೆಯಲ್ಲಿವೆ, ಅವುಗಳ ಮೇಲೆಯೇ ಕೂತು ಚಹಾ ಕುಡಿಯುತ್ತೇನೆ. ಚಹಾ ಕೊಡುವಾಗ ಎಂದಾದರೊಮ್ಮೆ ಸ್ನೇಹಲ್ ಏನೋ ನೆನಪಾದವಳಂತೆ, ಆವತ್ತು ಕೆಳಗೆ ಕೂತಾಗ ನಿಮಗೆ ಖರೇನೇ ನೋವು ಇರಲಿಲ್ಲವೇ ಎಂದು ಕೇಳುತ್ತಾಳೆ. ಇರಲಿಲ್ಲ ಎನ್ನುತ್ತೇನೆ. ಹೇಳುತ್ತ ಹೇಳುತ್ತ ನನಗೂ ಇರಲಿಲ್ಲ ಎಂದೇ ಅನಿಸತೊಡಗಿದೆ, ಆದರೆ ಅದು ನೆನಪೋ ಅಭ್ಯಾಸವೋ ತಿಳಿಯುವುದಿಲ್ಲ. ಮಲ್ಲಪ್ಪ ಕಾಕಾನ ಮಾತನ್ನು ನಾನು ಮನೆಯಲ್ಲಿ ಬೇರೆ ಯಾರ ಮುಂದೆಯೂ ಎತ್ತಿಲ್ಲ. ಅದೊಂದು ಮಾತ್ರ ಪಕ್ಕಾ.

ಮೊನ್ನೆ ಚಳಿ ಹೆಚ್ಚಾದಾಗ ಬೆನ್ನು ಮತ್ತೆ ಸಣ್ಣಗೆ ಕುಟುಕಿತು. ದೊಡ್ಡದೇನಲ್ಲ. ತಡಮಾಡದೆ ಬೆಳಿಗ್ಗೆ ಖೋಲಿಗೆ ಹೋದೆ. ಈಗ ಆ ಖೋಲಿಗೆ ಒಂದು ಶಿಸ್ತು ಬಂದಿದೆ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಕೊಟ್ಟ ಕಾಲುಚೀಲ ಹಾಕಿಕೊಂಡು ಒಳಗೆ ಹೋಗಬೇಕು. ಮಲಗಿದೆ. ಅವಳು ಕೈ ಇಟ್ಟಳು. ತೂಕವಿಲ್ಲದ ಕೈ ಎಂದು ಈಗ ನಾನು ದೂರುವುದಿಲ್ಲ, ಅದರ ಕೆಳಗೆ ಮೈ ತಾನಾಗಿ ಸಡಿಲಾಗುತ್ತದೆ. ಇದನ್ನು ಗಿರಾಕಿಗೆ ಹೇಳುವ ಹಾಗಲ್ಲ, ನಿಜವಾಗಿ ಹೇಳುತ್ತಿದ್ದೇನೆ. ಎದ್ದಾಗ ಬೆನ್ನು ಬಹುಪಾಲು ಚಲೋ ಆಗಿತ್ತು. ಮಂಚ ಇಳಿದು ನೇರ ಬಾಗಿಲಿಗೆ ನಡೆಯಬೇಕಾದವನು, ಯಾಕೋ ಏನೋ, ಕೆಳಗೆ ಕೂತೆ. ಮಂಚದ ಕೆಳಗೆ ತಲೆ ಹಾಕಿ, ಬೆನ್ನು ಮೇಲೆ ಮಾಡಿ, ಕತ್ತಲಲ್ಲಿ ಕೈಯಾಡಿಸತೊಡಗಿದೆ. ಸ್ವಲ್ಪ ದೂರದಲ್ಲಿ ಕಾಲುಂಗುರದ ಎರಡು ಪಾದಗಳು ನಿಂತಿದ್ದವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

"ಮಾಮಾ," ಎಂದಳು ಕಡೆಗೆ, "ನಿಮ್ಮ ಚಪ್ಪಲಿ ಹೊರಗ ಅದಾವ್ರಿ."

ಹೌದಲ್ಲ, ಮರತೇ ಹೋಗಿತ್ತು ಎಂದೆ. ಆದರೆ ಏಳಲಿಲ್ಲ. ಆಗ ಬೆನ್ನಿಗೆ ಏನೋ ಬಹಳ ಹಗುರವಾಗಿ ತಾಗಿತು. ಕೈಯೋ ಕಾಲೋ, ನಾನು ತಿರುಗಿ ನೋಡಲಿಲ್ಲ.